ರಾಗಿ ಬೆಳೆಯುವವರಿಗೆ ರಾಗಿಹಿಟ್ಟು

ರಾಗಿ ಬೆಳೆಯುವ ಊರಿಗೆ ಡಬ್ಬಿಯಲ್ಲಿ ರಾಗಿಹಿಟ್ಟು ಮಾರಲು ಬಂದವನು ಬೇರೆ ಯಾರೂ ಅಲ್ಲ, ನಮ್ಮ ಮನೆಯ ಅಳಿಯ. ನನ್ನ ಗಂಡನ ತಂಗಿಯನ್ನು ಕೊಟ್ಟಿದ್ದೆವು, ಸತ್ಯಮಂಗಲಕ್ಕೆ. ಹೊರಗಿನವನಾಗಿದ್ದರೆ ಅಂಗಳದಿಂದಲೇ ಒಂದು ಚೊಂಬು ನೀರು ಕುಡಿಸಿ ಕಳಿಸಿಬಿಡುತ್ತಿದ್ದೆ. ಅಳಿಯನಾದದ್ದರಿಂದ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಪಾಯಸ ಬಡಿಸಿ, ಅವನು ಹೇಳಿದ್ದನ್ನೆಲ್ಲ ಕೇಳಬೇಕಾಯಿತು. ಆ ಹಿಟ್ಟಿನ ದೆಸೆಯಿಂದ ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸೊಬ್ಬಳ ಮೇಕೆ ಹೋಯಿತು, ಅವಳ ಅರ್ಧ ಎಕರೆ ಹೊಲ ಬೀಳು ಬೀಳುವುದರಲ್ಲಿತ್ತು. ಅದಕ್ಕೆಲ್ಲ ಅಳಿಯನೇ ಕಾರಣ ಎಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಆ ಹೊತ್ತಿಗೆ ಅಳಿಯ ಮೂರು ವ್ಯವಹಾರ ಮುಳುಗಿಸಿದ್ದ. ಮೊದಲು ರೇಷ್ಮೆಹುಳು ಸಾಕಿದ, ಅವು ಸುಣ್ಣಕಟ್ಟು ರೋಗ ಬಂದು ಸತ್ತವು. ಆಮೇಲೆ ಬಾಡಿಗೆ ಸೈಕಲ್ ಅಂಗಡಿ ಇಟ್ಟ, ಸೈಕಲ್ ತೆಗೆದುಕೊಂಡು ಹೋದವರಲ್ಲಿ ಅರ್ಧ ಜನ ವಾಪಸು ಬರಲಿಲ್ಲ. ಆಮೇಲೆ ಸೋಡಾ ತುಂಬುವ ಯಂತ್ರ ತಂದ, ಒಂದು ದಿನ ಬಾಟ್ಲಿ ಸಿಡಿದು ಎಡಗಡೆ ಹುಬ್ಬಿನ ಮೇಲೆ ಗುರುತು ಮಾಡಿ ಆ ವ್ಯವಹಾರವೂ ಮುಗಿಯಿತು. ಸೋತಷ್ಟೂ ಅವನ ಅಂಗಿ ಬೆಳ್ಳಗಾಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಅವನ ಜೇಬಿನಲ್ಲಿ ಎರಡು ಪೆನ್ನುಗಳಿರುತ್ತಿದ್ದವು, ಎರಡೂ ಬರೆಯುತ್ತಿರಲಿಲ್ಲ.

"ಸೋಲಾಕೂ ಒಂದ ಸಕ್ತಿ ಬೇಕು ಕಣ. ಅವ್ನಿಗ ಅದು ಬೇಕಾದಷ್ಟದ" ಎನ್ನುತ್ತಿದ್ದರು ನನ್ನ ಯಜಮಾನರು. ಅವರು ಮಾತು ಕಡಿಮೆ ಆಡುವವರು. ಭಾವಮೈದ ಬಂದನೆಂದರೆ ಎತ್ತುಗಳಿಗೆ ನೀರು ಕುಡಿಸುವ ನೆಪದಲ್ಲಿ ಎದ್ದು ಹೋಗಿಬಿಡುತ್ತಿದ್ದರು. ನಾನು ಸಿಕ್ಕಿಬೀಳುತ್ತಿದ್ದೆ.

ಈ ಸಲ ಅವನು ರೆಕ್ಸಿನ್ ಚೀಲ ತಂದಿದ್ದ. ಅದರಿಂದ ಹಳದಿ ಪೊಟ್ಟಣದ ಸೋಪಿನ ಪುಡಿ, ಗುಲಾಬಿ ಬಣ್ಣದ ಹಲ್ಲುಪುಡಿ, ದಪ್ಪ ಕೆನ್ನೆಯ ಮಗುವಿನ ಚಿತ್ರವಿದ್ದ, ಮೊಳಕೆ ರಾಗಿಯ ಹಿಟ್ಟಿನ ಒಂದು ತಗಡಿನ ಡಬ್ಬಿ ತೆಗೆದು ಜಗಲಿಯ ಮೇಲೆ ಸಾಲಾಗಿ ಜೋಡಿಸಿದ. ಒಲೆಯ ಹತ್ತಿರದಿಂದ ಒಂದು ಇದ್ದಿಲು ಕೇಳಿ ತೆಗೆದುಕೊಂಡು, ಬೆಳಗ್ಗೆ ನಾನು ಸಾರಿಸಿದ್ದ ನೆಲದ ಮೇಲೆ ಒಂದು ಸೊನ್ನೆ ಬರೆದ. ಅದು ನಾನಂತೆ. ನನ್ನ ಕೆಳಗೆ ನಾಲ್ಕು ಸೊನ್ನೆ, ಆ ಒಂದೊಂದರ ಕೆಳಗೂ ಮತ್ತೆ ನಾಲ್ಕು. ನಾನು ನಾಲ್ಕು ಜನರನ್ನು ಸೇರಿಸಬೇಕು, ಅವರು ತಲಾ ನಾಲ್ಕು ಜನರನ್ನು. ಸೇರುವವರೆಲ್ಲ ದುಡ್ಡು ಕಟ್ಟಿ ಒಂದು ಚೀಲ ಸಾಮಾನು ಕೊಳ್ಳಬೇಕು. ಕೆಳಗಿನವರು ಕಟ್ಟಿದ್ದರಲ್ಲಿ ಮೇಲಿನವರಿಗೆ ಪಾಲು.

"ಮಾರಾದು ಗೀರಾದು ಏನೂ ಬೇಡ ಅಕ್ಕಾ. ಮನೇಲೇ ಇದ್ಕೊಂಡು ಸುಮ್ಮಾ ಮಾತಾಡಿದ್ರೆ ಸಾಕು. ವರುಮಾನ ತಾನಾಗಿ ಬರುತ್ತೆ" ಎಂದ.

ಪಕ್ಕದ ಮನೆಯ ದೊಡ್ಡವ್ವ ನಮ್ಮ ಜಗಲಿಯಲ್ಲೇ ಕೂತು ಹುರುಳಿ ಕೇರುತ್ತಿದ್ದಳು. ಅವಳು ಮೊರ ನಿಲ್ಲಿಸಿ ನೆಲದ ಮೇಲಿನ ಸೊನ್ನೆಗಳನ್ನು ಒಂದು ಸಲ ನೋಡಿದಳು. "ಎಲ್ರೂ ಪಲ್ಲಕ್ಕಿ ಏರ್ಬುಟ್ರ ಒರೋರ್ ಯಾರ್ಲಾ ಮಗ?" ಎಂದಳು.

"ಕಂಪನಿ ಹೊರುತ್ತೆ ದೊಡ್ಡವ್ವಾ" ಎಂದ ಅಳಿಯ. ಅವಳು ಮತ್ತೆ ಕೇರಲು ತೊಡಗಿದಳು. ಆ ವ್ಯವಹಾರದ ಬಗ್ಗೆ ತಿಳಿಯಬೇಕಾದದ್ದೆಲ್ಲ ಆ ಒಂದು ಪ್ರಶ್ನೆಯಲ್ಲೇ ಇತ್ತು. ಆದರೆ ನಾನು ಓದಿದವಳು. ಗಾದೆ ಕೇಳಿ ಬುದ್ಧಿ ಕಲಿಯುವ ಜಾತಿಯಲ್ಲ ನನ್ನದು.

ಓದಿದವಳು ಎಂದರೆ ಏನೋ ಮಹಾ ಅಂದುಕೊಳ್ಳಬೇಡಿ. ಎಸ್ಸೆಸ್ಸೆಲ್ಸಿವರೆಗೆ ತಮಿಳಿನಲ್ಲಿ ಓದಿ ಇಂಗ್ಲಿಷಿನಲ್ಲಿ ಫೇಲಾದವಳು. ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಇರುವ ನಮ್ಮ ತಾಳವಾಡಿ ಬೆಟ್ಟದ ಊರುಗಳಲ್ಲಿ ಅದೂ ದೊಡ್ಡ ವಿದ್ಯೆಯೇ. ಕರೆಂಟಾಫೀಸಿನ ನೋಟೀಸು, ಸೊಸೈಟಿಯ ಕಾಗದ, ತಮಿಳಿನಲ್ಲಿ ಮನು ಅನ್ನುವ ತಾಲೂಕು ಕಚೇರಿಯ ಅರ್ಜಿ ಎಲ್ಲವೂ ನನ್ನ ಹತ್ತಿರ ಬರುತ್ತಿದ್ದವು. ಹೆಂಗಸರು ಕಾಗದ ಹಿಡಿದುಕೊಂಡು ಬಂದು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಆ ನೋಟ ನನಗೆ ಬಹಳ ಹಿತವಾಗಿತ್ತು.

"ಒಂದು ವಾರ ಇಟ್ಕೊಂಡು ನೋಡಿ. ಪರೀಕ್ಷೆ ಮಾಡಿ. ನೀವು ಸರಿ ಅಂದ್ರೆ ಊರೇ ಸರಿ ಅಂದಂಗೆ" ಎಂದು ಹೇಳಿ ಅಳಿಯ ಚೀಲ ಬಿಟ್ಟುಹೋದ. ಮಾತು ಬಲ್ಲವನು ಮಾಣಿಕ್ಯ ತಂದ ಅನ್ನುತ್ತಾರೆ. ಇವನು ಏನೂ ತರಲಿಲ್ಲ, ಆದರೆ ಮಾತು ಬಲ್ಲವನು ನಿಜ.

ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಯಜಮಾನರ ಪಂಚೆಯ ಒಂದು ತುದಿಯನ್ನು ಹಳದಿ ಪುಡಿಯಲ್ಲಿ, ಇನ್ನೊಂದು ತುದಿಯನ್ನು ನಮ್ಮ ಮಾಮೂಲಿ ಬಾರ್ ಸೋಪಿನಲ್ಲಿ ಒಗೆದೆ. ಪುಡಿಯ ನೊರೆ ಕಲ್ಲಿನಿಂದ ಇಳಿದು ಬಚ್ಚಲ ಮೋರಿ ದಾಟಿ ಹಿತ್ತಲವರೆಗೂ ಹೋಯಿತು, ಪಂಚೆಯ ಕೊಳೆ ಮಾತ್ರ ಇದ್ದಲ್ಲೇ ಇತ್ತು. ಹಲ್ಲುಪುಡಿ ಎಷ್ಟು ಸಿಹಿಯಾಗಿತ್ತೆಂದರೆ ಮಾರನೆಯ ಬೆಳಗ್ಗೆ ಪೊಟ್ಟಣ ತುಂಬ ಇರುವೆ. ಕೊನೆಗೆ ಡಬ್ಬಿ ಒಡೆದೆ. ಹುಟ್ಟಿದಂದಿನಿಂದ ರಾಗಿ ತಿಂದು ಬೆಳೆದವಳು ನಾನು, ಒಂದು ಚಿಟಿಕೆ ನಾಲಗೆಯ ಮೇಲಿಟ್ಟರೆ ಸಾಕು, ರಾಗಿ ಕಣದಿಂದ ಬಂದು ಎಷ್ಟು ಕಾಲವಾಯಿತೆಂದು ಹೇಳುತ್ತೇನೆ. ಅದು ಹಳೆಯ ರಾಗಿ, ಹುಳ ಬಿದ್ದ ವಾಸನೆ, ಮೊಳಕೆ ಕಟ್ಟುವ ತಾಪತ್ರಯವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ವಾಸನೆ ಮುಚ್ಚಲು ಸಕ್ಕರೆ, ಏಲಕ್ಕಿ. ಒಂದು ಡಬ್ಬಿಯ ಬೆಲೆಗೆ ನಮ್ಮ ಮನೆಯವರೆಲ್ಲ ಒಂದು ವಾರ ಮುದ್ದೆ ಉಣ್ಣಬಹುದಿತ್ತು. ನಮ್ಮಂಥವರೇ ಬೆಳೆದು ಮಂಡಿಗೆ ಹಾಕಿದ ರಾಗಿಯನ್ನು ಬೆಟ್ಟ ಇಳಿಸಿ, ಕೆಡಿಸಿ, ಡಬ್ಬಿಗೆ ತುಂಬಿ, ಮತ್ತೆ ಬೆಟ್ಟ ಹತ್ತಿಸಿ ನಮಗೇ ಮಾರುವ ಕಂಪನಿ ಅದು.

ಆ ಸೊನ್ನೆಗಳ ಲೆಕ್ಕವನ್ನೂ ಹಾಕಿದೆ. ನಾಲ್ಕು, ಹದಿನಾರು, ಅರವತ್ತನಾಲ್ಕು, ಇನ್ನೂರ ಐವತ್ತಾರು, ಹೀಗೆ ಏಳನೆಯ ಸಾಲಿಗೆ ಹದಿನಾರು ಸಾವಿರ ದಾಟಿತು. ನಮ್ಮೂರು, ಪಣಕಹಳ್ಳಿ, ದೊಡ್ಡಗಾಜನೂರು, ಅತ್ತ ತಾಳಮಲೆಯವರೆಗೂ ತೊಟ್ಟಿಲ ಕೂಸುಗಳನ್ನು ಬಿಡದೆ ಸೇರಿಸಿದರೂ ಸಾಲದು. ಆಮೇಲೆ ಕಾಡಿಗೆ ಹೋಗಿ ಆನೆಗಳ ಕೈಯಲ್ಲಿ ಫಾರಂ ತುಂಬಿಸಬೇಕಷ್ಟೇ. ವಾರ ಕಳೆದು ಅಳಿಯ ಬಂದಾಗ ಕೇಳಿದೆ, "ಮೆಂಬರಾಗದೋರು ಯಾರಾದ್ರೂ ಈ ಹಿಟ್ಟ ಕೊಂಡ್ಕೊಂಡವ್ರಾ?"

"ಎಲ್ರೂ ಮೆಂಬರ್ ಆಗ್ಬಿಡ್ತಾರಲ್ಲಕ್ಕಾ" ಎಂದ ಹೆಮ್ಮೆಯಿಂದ.

ಅಂದರೆ ನನಗೆ ಗೊತ್ತಾಗಬೇಕಾದದ್ದೆಲ್ಲ ಮೊದಲ ವಾರದಲ್ಲೇ ಗೊತ್ತಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನನಗೆ ಯಾರೂ ಮೋಸ ಮಾಡಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಗೊತ್ತಿದ್ದೂ ಸೇರಿದೆ. ಅದಕ್ಕೆ ಕಾರಣ ಒಂದು ಕಾಗದ.

ಅಳಿಯ ನನ್ನ ವಿಳಾಸ ಕಂಪನಿಗೆ ಕೊಟ್ಟಿದ್ದ. ಒಂದು ಮಧ್ಯಾಹ್ನ ಅಂಚೆಯವನು ಸೈಕಲ್ ನಿಲ್ಲಿಸಿ ಬೀದಿಗೆಲ್ಲ ಕೇಳುವ ಹಾಗೆ ನನ್ನ ಹೆಸರು ಕೂಗಿದ. ಲಕೋಟೆಯ ಮೇಲೆ 'ತಿರುಮತಿ', ಅಂದರೆ ಶ್ರೀಮತಿ, ಎಂದು ಬರೆದು ಮುಂದೆ ನನ್ನ ಹೆಸರು. ಇಂಥವರ ಹೆಂಡತಿ ಎಂದಿರಲಿಲ್ಲ, ಇಂಥವರ ಮನೆ ಎಂದಿರಲಿಲ್ಲ. ಆ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು. ರೇಷನ್ ಕಾರ್ಡಿನ ನಾಲ್ಕನೆಯ ಸಾಲಿನಲ್ಲಿ ಬಿಟ್ಟರೆ ಆ ಮನೆಯಲ್ಲಿ ನನ್ನ ಹೆಸರನ್ನು ಬೇರೆಲ್ಲೂ ಯಾರೂ ಬರೆದಿರಲಿಲ್ಲ. ಒಳಗೆ, ಪ್ರೀತಿಯ ಸಹೋದರಿಯೇ, ನಿಮ್ಮಲ್ಲಿರುವ ನಾಯಕತ್ವದ ಗುಣವನ್ನು ಕೇಳಿ ತಿಳಿದಿದ್ದೇವೆ ಎಂದು ತಮಿಳಿನಲ್ಲಿ ಟೈಪು ಮಾಡಿತ್ತು. ಹೆಸರಿನ ಜಾಗ ಮಾತ್ರ ಕೈಬರಹ, ಮಿಕ್ಕದ್ದೆಲ್ಲ ಊರಿಗೆಲ್ಲ ಕಳಿಸುವ ಒಂದೇ ಕಾಗದ. ಅದೂ ನನಗೆ ಕಂಡಿತು. ಆದರೂ ಆ ಕಾಗದವನ್ನು ಗೂಡಿನಲ್ಲಿ ವಿಭೂತಿ ಕರಡಿಗೆಯ ಹಿಂದೆ ಇಟ್ಟು, ದಿನಕ್ಕೊಂದು ಸಲ ತೆಗೆದು ಓದಿದೆ. ಇಂಥ ಬೆಪ್ಪುತನವನ್ನು ಬೇರೆಯವರಲ್ಲಿ ಕಂಡಿದ್ದರೆ ಎಷ್ಟು ನಗುತ್ತಿದ್ದೆನೋ.

ಸತ್ಯಮಂಗಲದ ಕಲ್ಯಾಣಮಂಟಪದಲ್ಲಿ ಮೀಟಿಂಗ್ ಎಂದು ಅಳಿಯ ಕರೆದುಕೊಂಡು ಹೋದ. ಘಾಟಿಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಇಳಿದೆ. ಕಬ್ಬಿಣದ ಮಡಚು ಕುರ್ಚಿಗಳು, ಆ ಸೆಕೆಯಲ್ಲಿ ಟೈ ಕಟ್ಟಿಕೊಂಡು ಬೆವರುತ್ತಿದ್ದ ಒಬ್ಬ ಗಂಡಸು. ರೇಷ್ಮೆ ಸೀರೆಯ ಹೆಂಗಸೊಬ್ಬಳು ವೇದಿಕೆ ಹತ್ತಿ, ನಾನೂ ನಿಮ್ಮ ಹಾಗೆ ಅಡಿಗೆಮನೆಯಲ್ಲಿ ಬಿದ್ದಿದ್ದೆ, ಈಗ ಅಡಿಗೆಮನೆಯಿಂದಲೇ ಕಂಪನಿ ನಡೆಸುತ್ತೇನೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮೀಟಿಂಗ್ ಮುಗಿದ ಮೇಲೆ ಕೈ ತೊಳೆಯಲು ಹಿಂದಕ್ಕೆ ಹೋದಾಗ ಅದೇ ಹೆಂಗಸು ಟೈ ಕಟ್ಟಿದವನ ಹತ್ತಿರ ಬಸ್ಸಿನ ಚಾರ್ಜು ಕೇಳುತ್ತಿದ್ದಳು. ಅವನು ನಾಳೆ ನೋಡೋಣ ಎನ್ನುತ್ತಿದ್ದ. ಅದನ್ನು ಕಣ್ಣಾರೆ ನೋಡಿ, ಒಳಗೆ ಬಂದು, ಸಹಿ ಹಾಕಿದೆ.

ಈಗ ನಮ್ಮ ಮುಯ್ಯಾಳಿನ ವಿಷಯ ಹೇಳಬೇಕು. ಇವತ್ತು ನಿನ್ನ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲದ ಕೊಯ್ಲಿಗೆ ನೀನು. ದುಡ್ಡಿಲ್ಲ, ಕೂಲಿಯಿಲ್ಲ. ಒಬ್ಬರು ಬಂದ ದಿನಕ್ಕೆ ಒಂದು ದಿನ ಹೋಗಲೇಬೇಕು, ಅದೇ ಮುಯ್ಯಿ. ನಮ್ಮ ಬೀದಿಯ ಆರು ಮನೆಗಳ ಹೆಂಗಸರು ಸೇರಿ ಒಂದು ಗುಂಪು. ದೊಡ್ಡವ್ವ ಅದಕ್ಕೆ ಹಿರಿಯಳು. ಮುಯ್ಯಿ ತಪ್ಪಿಸಿದವರ ಮನೆಗೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಹೊಲದಲ್ಲಿ ರಾಗಿ ತೆನೆ ಉದುರುತ್ತಿದ್ದರೂ ಬರುವುದಿಲ್ಲ.

ನನ್ನ ಕೆಳಗೆ ಬನ್ನಿ ಎಂದು ಈ ಐವರನ್ನೂ ಕರೆದೆ. ಒಬ್ಬರೂ ಹಿಟ್ಟಿನ ಬಗ್ಗೆ ಕೇಳಲಿಲ್ಲ, ಲಾಭದ ಬಗ್ಗೆ ಕೇಳಲಿಲ್ಲ. ಗುಂಪಿನವಳು ಕರೆದಳು, ಹೋಗದಿದ್ದರೆ ಹೇಗೆ ಎಂದು ಬಂದರು. ಹಾಲು ಮಾರಿದ್ದು, ಕೋಸು ಮಾರಿದ್ದು, ತವರಿನವರು ಹಬ್ಬಕ್ಕೆ ಕೊಟ್ಟದ್ದು, ಏನೇನನ್ನೋ ಬಿಚ್ಚಿಕೊಟ್ಟರು. ನನಗೆ ನಾಯಕತ್ವದ ಗುಣ ಇರುವುದು ನಿಜವೇ ಇರಬೇಕು ಅನ್ನಿಸಿತು.

ಮುಂದಿನ ಸೋಮವಾರ ದೊಡ್ಡವ್ವ ಬಂದಳು. ಕೈಯಲ್ಲಿ ಖಾಲಿ ಫಾರಂ.

"ನಾ ನಿನ್ ಕೆಳ್ಗ ಬಂದಿವ್ನಿ. ಈಗ ನೀ ನನ್ ಕೆಳ್ಗ ಬಾ" ಎಂದಳು.

ನಾನು ನಕ್ಕೆ. ಅದು ಹಾಗಲ್ಲ ದೊಡ್ಡವ್ವ, ಒಬ್ಬರು ಒಂದು ಕಡೆ ಸೇರಿದರೆ ಮುಗಿಯಿತು ಎಂದು ನೆಲದ ಮೇಲೆ ಸೊನ್ನೆ ಬರೆದು ತಿಳಿಸಲು ಹೋದೆ. ಅವಳು ಕಾಲಿನಿಂದ ಸೊನ್ನೆ ಅಳಿಸಿದಳು.

"ಮುಯ್ಯಿ ಕಣಮ್ಮಿ. ನಾ ಬಂದ ಮ್ಯಾಲ ನೀ ಬರ್ಬೇಕು. ಬರದೇ ಇದ್ರ ಕಳ ಕೀಳಾಕ ನೀ ಒಬ್ಳೇ ಓಗು" ಎಂದಳು.

ಸೇರಿದೆ. ದೊಡ್ಡವ್ವನ ಕೆಳಗೆ ಸೇರಿದ್ದು ತಿಳಿದು ಮಿಕ್ಕ ನಾಲ್ವರೂ ಬಂದರು, ಅವರ ಕೆಳಗೂ ಸೇರಿದೆ. ಆಮೇಲೆ ಅವರವರೇ ಒಬ್ಬರ ಕೆಳಗೆ ಇನ್ನೊಬ್ಬರು, ಆ ಇನ್ನೊಬ್ಬರ ಕೆಳಗೆ ಈ ಒಬ್ಬರು. ಒಬ್ಬಳನ್ನು ಮೇಲೆ ಕೂರಿಸಿ ಮಿಕ್ಕವರು ಕೆಳಗೆ ಉಳಿಯುವ ಪದ್ಧತಿ ಆ ಆರು ಮನೆಗಳ ಒಳಗೆ ಇರಲಿಲ್ಲ, ಅದಕ್ಕೆ ಯಾರೇನು ಮಾಡಲು ಆಗುತ್ತದೆ. ತಿಂಗಳ ಕೊನೆಗೆ ಅಳಿಯ ಬಂದು ಪಟ್ಟಿ ಬರೆಯಲು ಕೂತ. ಗೆರೆ ಎಳೆದ, ಅಳಿಸಿದ, ಕಾಗದವನ್ನು ಅಡ್ಡ ಹಿಡಿದ, ಉದ್ದ ಹಿಡಿದ. ಹುಬ್ಬಿನ ಮೇಲಿನ ಸೋಡಾ ಗುರುತು ಕೆಂಪಾಯಿತು.

"ಅಕ್ಕಾ, ಇದು ಮರ ಇದ್ದಂಗೆ. ಮರದ ಕೊಂಬೆ ಬಂದು ಬೇರಿಗೆ ಸೇರಕ್ ಆಗುತ್ತಾ?"

"ಆಲದ ಮರ ನೋಡಿಲ್ವೇನ್ಲಾ ನೀನು?" ಎಂದಳು ದೊಡ್ಡವ್ವ.

ಕಂಪನಿಗೆ ಇದರಿಂದ ಒಂದಿಷ್ಟೂ ಬೇಜಾರಾಗಲಿಲ್ಲ. ಪ್ರತಿ ಫಾರಮ್ಮಿನ ಜೊತೆಗೂ ದುಡ್ಡು ಹೋಗುತ್ತಿತ್ತಲ್ಲ. ಫಾರಂ ಎಷ್ಟೋ ಅಷ್ಟು ಚೀಲ ಬಸ್ಸಿನ ಮೇಲೆ ಬಂದು ಇಳಿದವು. ನಮ್ಮ ಅಟ್ಟದ ತುಂಬ ದಪ್ಪ ಕೆನ್ನೆಯ ಮಕ್ಕಳು. ಹಿಟ್ಟನ್ನು ಎಮ್ಮೆಗೆ ಕಲಸಿ ಇಟ್ಟೆ, ಎರಡು ದಿನ ತಿಂದಿತು, ಮೂರನೆಯ ದಿನ ಮೂತಿ ತಿರುಗಿಸಿತು. ಆ ಎಮ್ಮೆಗೆ ಇದ್ದಷ್ಟು ವಿವೇಕ ನನಗಿರಲಿಲ್ಲ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದು ನಗುವ ಕಥೆಯಾಗಿ ಉಳಿಯುತ್ತಿತ್ತು. ಆದರೆ ಗುಂಪಿನ ಹೊರಗಿನಿಂದ ಹೊಸಬರೊಬ್ಬರನ್ನು ತಂದರೆ ನನಗೆ 'ಲೀಡರ್' ಎಂಬ ಬಿಲ್ಲೆ ಬರುತ್ತದೆ, ಎದೆಯ ಮೇಲೆ ಚುಚ್ಚಿಕೊಳ್ಳುವಂಥದ್ದು, ಹೆಸರು ಕೆತ್ತಿ ಕಳಿಸುತ್ತಾರೆ ಎಂದ ಅಳಿಯ. ಮತ್ತೆ ನನ್ನ ಹೆಸರು.

ಆಗ ಬಂದವಳು ಅವಳು. ಊರಾಚೆಯ ಕೇರಿಯವಳು, ನನ್ನ ವಯಸ್ಸಿನವಳೇ. ನಾನು ಮದುವೆಯಾಗಿ ಬಂದ ವರ್ಷದಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು. ಅವಳಿಗೆ ಕಾಡಿನಂಚಿನಲ್ಲಿ ಸರ್ಕಾರ ಕೊಟ್ಟ ಅರ್ಧ ಎಕರೆ ಇತ್ತು. ಎತ್ತಿಲ್ಲದವಳು, ಗಂಡನೂ ಇಲ್ಲದವಳು. ವರ್ಷಕ್ಕೊಂದು ಮೇಕೆ ಬೆಳೆಸಿ, ಮುಂಗಾರಿಗೆ ಮೊದಲು ಮಾರಿ, ಆ ದುಡ್ಡಿನಲ್ಲಿ ಬಾಡಿಗೆಗೆ ಏರು, ಅಂದರೆ ನೇಗಿಲು ಎತ್ತು, ಹಿಡಿದು ಹೊಲ ಉಳುಮೆ ಮಾಡಿಸುತ್ತಿದ್ದಳು. ಮೇಕೆ ಇದ್ದರೆ ಉಳುಮೆ, ಉಳುಮೆ ಇದ್ದರೆ ಆರು ತಿಂಗಳ ಮುದ್ದೆ. ಇದು ಊರಿಗೆಲ್ಲ ಗೊತ್ತು. ನನಗೂ ಗೊತ್ತು.

ಅಂಗಳದ ಆಚೆ ನಿಂತು ಕೇಳಿದಳು, "ಅವ್ವೋರೆ, ನೀವು ಓದ್ದೋರು. ಇದು ಚೆನ್ನಾಗದಾ? ನಾನೂ ಸೇರ್ಬೋದಾ?"

ಪುಡಿ ನೋಡಿದ್ದವಳು ನಾನು, ಹಿಟ್ಟು ರುಚಿ ನೋಡಿದ್ದವಳು, ಹದಿನಾರು ಸಾವಿರದ ಲೆಕ್ಕ ಹಾಕಿದ್ದವಳು, ಬಸ್ ಚಾರ್ಜಿಗೆ ಕೈಯೊಡ್ಡಿದ ರೇಷ್ಮೆ ಸೀರೆಯವಳನ್ನು ಕಂಡಿದ್ದವಳು. "ಚೆನ್ನಾಗದ ಕಣಮ್ಮಿ" ಎಂದೆ. ಆ ಕಂಪನಿಯ ಬಗ್ಗೆ ನಾನು ಕೊಟ್ಟ ತೀರ್ಪು ಅಷ್ಟೇ. ಆ ವಾರದ ತಾಳವಾಡಿ ಸಂತೆಯಲ್ಲಿ ಅವಳು ಮೇಕೆ ಮಾರಿದಳು.

ಹಳದಿ ಪೊಟ್ಟಣಗಳನ್ನು ಹಿಡಿದು ಅವಳು ಕೇರಿಯ ಮನೆಮನೆಗೆ ಹೋದಳು. ಬೂದಿಯಲ್ಲಿ ಬಟ್ಟೆ ಒಗೆಯುವವರ ಹತ್ತಿರ ಸೋಪಿನ ಪುಡಿಗೆ ಯಾವ ಗಿರಾಕಿ. ಹದಿನೈದು ದಿನ ಸುತ್ತಿ ಮತ್ತೆ ನಮ್ಮ ಅಂಗಳಕ್ಕೆ ಬಂದಳು. ಮಳೆ ಹತ್ತಿರ ಬಂದಿತ್ತು, ಮೋಡ ಕಟ್ಟುತ್ತಿತ್ತು.

"ಅವ್ವೋರೆ, ನೀವು ದೊಡ್ಡವ್ವಾರ ಕೆಳ್ಗ ಸೇರುದ್ರಿ. ಅವ್ರೆಲ್ರ ಕೆಳ್ಗೂ ಸೇರುದ್ರಿ, ಮುಯ್ಯಿ ಅಂತ. ನಾನೂ ನಿಮ್ ಕೆಳ್ಗ ಬಂದಿವ್ನಿ. ನನ್ ಕೆಳ್ಗ ಒಂದ ಸಲ ಸೇರ್ಬುಡಿ. ಆ ಪಾಲ್ ಬಂದ್ರ ಏರ್ ಇಡುದ್ಬುಟ್ಟು ಒಲ ಉಳುಸ್ಕತೀನಿ."

ನನ್ನೊಳಗೆ ಏನೋ ಮುಳ್ಳು ಮುರಿದ ಹಾಗಾಯಿತು. ಇವಳ ಕೆಳಗೆ ನಾನು. "ನೀ ಕೂಲಿಯವ್ಳು ಕಣಮ್ಮಿ. ದುಡುದ್ದಕ್ಕ ಕೂಲಿ ಕೊಟ್ಟಾಗದ. ನಿಂಗೂ ನಂಗೂ ಮುಯ್ಯಿ ಎಲ್ಲಿಂದ ಬತ್ತು?" ಎಂದೆ.

ಅವಳು ತಲೆಯ ಮೇಲಿನ ಸಿಂಬೆಯನ್ನು ತೆಗೆದು, ಸರಿಯಾಗಿ ಸುತ್ತಿ, ಮತ್ತೆ ಇಟ್ಟುಕೊಂಡಳು. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು. "ಇಷ್ಟ್ ವರ್ಸ ಆ ಮನೆಗೋಳ್ಗ ನಿಮ್ ಮುಯ್ಯ ತೀರ್ಸ್ದೋಳು ಯಾರು ಅವ್ವೋರೆ?"

ಒಂದು ಸಂಗತಿಯನ್ನು ಇಲ್ಲಿಯವರೆಗೆ ಬೇಕೆಂದೇ ಬಿಟ್ಟಿದ್ದೆ. ಮುಯ್ಯಾಳಿನ ಗುಂಪಿನಲ್ಲಿ ನಾನಿದ್ದೆ ಎಂದೆನಲ್ಲ, ನಾನು ಹೋಗುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ದಿನ. ಮಿಕ್ಕ ದಿನಗಳಲ್ಲಿ ನನ್ನ ಬದಲು ಅವಳನ್ನು ಕಳಿಸುತ್ತಿದ್ದೆ. ಅನುಕೂಲವಿದ್ದ ಮನೆಯವರು ಹಾಗೆ ಆಳು ಕಳಿಸುವುದುಂಟು, ಯಾರೂ ತಪ್ಪು ಎನ್ನುವುದಿಲ್ಲ. ದೊಡ್ಡವ್ವನ ಹೊಲದಲ್ಲಿ ಬಗ್ಗುತ್ತಿದ್ದದ್ದು ಅವಳ ಬೆನ್ನು, ದೊಡ್ಡವ್ವ ಮುಯ್ಯಿ ತೀರಿಸಲು ಬರುತ್ತಿದ್ದದ್ದು ನನ್ನ ಹೊಲಕ್ಕೆ. ಅವಳಿಗೆ ಸಿಗುತ್ತಿದ್ದದ್ದು ಒಂದು ದಿನದ ಹೆಣ್ಣಾಳಿನ ಕೂಲಿ. ಕೆಳಗಿನವಳು ದುಡಿದರೆ ಮೇಲಿನವಳಿಗೆ ಪಾಲು. ಇದ್ದಿಲು ಹಿಡಿದು ಬಂದು ಅಳಿಯ ನನಗೆ ಹೊಸದಾಗಿ ಕಲಿಸಿದ್ದು ಏನೂ ಇರಲಿಲ್ಲ.

ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮುಂದಿನದು ಎಲ್ಲ ಕಡೆಯೂ ಆಗುವಂಥದ್ದೇ. ಪಾಲಿನ ದುಡ್ಡು ಯಾವಾಗ ಎಂದು ಬರೆದ ಕಾಗದಕ್ಕೆ ಕಂಪನಿಯಿಂದ ಉತ್ತರ ಬಂತು. ಒಬ್ಬರು ಒಂದೇ ಕಡೆ ಇರಬೇಕು, ನಿಮ್ಮ ಸದಸ್ಯತ್ವಗಳೆಲ್ಲ ರದ್ದು, ಕಟ್ಟಿದ್ದು ವಾಪಸಿಲ್ಲ. ಈ ಸಲ ಲಕೋಟೆಯ ಮೇಲೆ 'ತಿರುಮತಿ' ಇರಲಿಲ್ಲ, ಹೆಸರು ಕೆತ್ತಿದ ಬಿಲ್ಲೆಯೂ ಬರಲಿಲ್ಲ. ಯಜಮಾನರು ಸತ್ಯಮಂಗಲಕ್ಕೆ ಹೋಗಿ ನೋಡಿದರೆ ಕಂಪನಿಯ ರೂಮಿಗೆ ಬೀಗ, ಅಳಿಯ ಊರಲ್ಲಿಲ್ಲ. ವರ್ಷದ ಮೇಲೆ ಅವನು ಇನ್ನೂ ಬೆಳ್ಳಗಿನ ಅಂಗಿ ಹಾಕಿಕೊಂಡು ಬಂದ, ಮೊಲ ಸಾಕುವ ವಿಚಾರ ಹೇಳಲು. ಪಾಯಸ ಮಾಡಲಿಲ್ಲ, ನೀರು ಕೊಟ್ಟೆ.

ನಮ್ಮ ಬೀದಿಯ ಹೆಂಗಸರು ಗಲಾಟೆ ಮಾಡಲಿಲ್ಲ. ಎಲ್ಲರೂ ಎಲ್ಲರ ಮೇಲೂ ಇದ್ದರು, ಎಲ್ಲರ ಕೆಳಗೂ ಇದ್ದರು, ಯಾರು ಯಾರನ್ನು ಬೈಯುವುದು. ಮುಯ್ಯಿಗೆ ಮುಯ್ಯಿ ಸರಿಹೋಯಿತು ಎಂದು ನಕ್ಕರು. ದೊಡ್ಡವ್ವ ಹಿಟ್ಟು ಸುರಿದು ಡಬ್ಬಿಗಳಲ್ಲಿ ಉಪ್ಪು, ಮೆಣಸಿನಕಾಯಿ ತುಂಬಿಟ್ಟಳು. ಮುಯ್ಯಿ ತೀರದೆ ಉಳಿದವಳು ಮೇಕೆ ಮಾರಿದವಳೊಬ್ಬಳೇ.

ಮಳೆ ಬಂತು. ಎಲ್ಲರ ಹೊಲದಲ್ಲೂ ಏರು. ಅವಳು ನಮ್ಮ ಹೊಲಕ್ಕೆ ಕೂಲಿಗೆ ಬರಲಿಲ್ಲ, ಹೇಳಿ ಕಳಿಸಿದರೂ ಬರಲಿಲ್ಲ. ಒಂದು ಸಂಜೆ ಯಜಮಾನರು ಎತ್ತು ಕಟ್ಟಿ ಬಂದು ಜಗಲಿಯಲ್ಲಿ ಕೂತರು.

"ಕಾಡಂಚ್ನಾಗ ಅವ್ಳ ಒಲ ಅಂಗೇ ಬಿದ್ದದ. ಮೇಕ ಏನ್ಮಾಡ್ದೆ ಅಂದೆ. ನಿಮ್ಮನ್ಯವ್ರ ಕೇಳಿ ಅಂದ್ಳು" ಎಂದರು. ನಾನು ಎಲ್ಲವನ್ನೂ ಹೇಳಿದೆ, ನಾನಾಡಿದ ಮಾತನ್ನೂ ಸೇರಿಸಿ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಅಳಿಯನ ಮೇಲೆ ಹಾಕಿ ಜಗಳವಾಡಬಹುದಿತ್ತು. ಅವರು ಎಲೆಯಡಿಕೆ ಹಾಕಿಕೊಂಡರು.

"ಎತ್ತು ನಂದು. ನಾಳ ಓಗಿ ಉತ್ತುಕೊಡ್ತೀನಿ. ಮುಯ್ಯಿ ನಿಂದು, ನೀ ತೀರ್ಸು" ಎಂದು ಎದ್ದರು.

ಅವರು ಉತ್ತರು, ಅವಳು ಬಿತ್ತಿದಳು. ಎಂಟು ದಿನಕ್ಕೆ ಹಸಿರು ಕಂಡಿತು. ಪೈರು ಗೇಣುದ್ದ ಬಂದಾಗ ಒಂದು ಬೆಳಗ್ಗೆ ನಾನು ಸೆರಗು ಸಿಕ್ಕಿಸಿ, ಬುತ್ತಿ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ದೊಡ್ಡವ್ವ ಸಿಕ್ಕಿ ಎಲ್ಲಿಗೆ ಎಂದಳು. ಮುಯ್ಯಿಗೆ ಎಂದೆ. ಯಾರ ಹೊಲಕ್ಕೆ ಎಂದಳು. ಹೇಳಿದೆ. ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಹೊಲದಲ್ಲಿ ಅವಳು ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ. ಪಕ್ಕದ ಸಾಲು ತೋರಿಸಿದಳು. ನಾನು ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲು ಶುರುಮಾಡಿದೆ. ರಾಗಿ ಪೈರಿನ ನಡುವೆ ರಾಗಿಯ ಹಾಗೆಯೇ ಕಾಣುವ ಒಂದು ಹುಲ್ಲು ಬೆಳೆಯುತ್ತದೆ, ತೆನೆ ಬರುವವರೆಗೂ ಗುರುತು ಹಿಡಿಯುವುದು ಕಷ್ಟ. ದಿನವೂ ಕಳೆ ಕೀಳುವವರ ಬೆರಳಿಗೆ ಮಾತ್ರ ಅದರ ಬುಡ ಗೊತ್ತಾಗುತ್ತದೆ. ಬಿಸಿಲೇರುವ ಹೊತ್ತಿಗೆ ಅವಳು ಮೂರು ಸಾಲು ಮುಗಿಸಿದ್ದಳು, ನಾನು ಒಂದರ ಮುಕ್ಕಾಲು ಭಾಗದಲ್ಲಿದ್ದೆ. ನನ್ನ ಹಿಂದೆ ಬಂದು, ನಾನು ಕಿತ್ತು ಹಾಕಿದ್ದ ರಾಶಿಯನ್ನು ಕೆದಕಿ, ಅದರಿಂದ ಒಂದೊಂದೇ ಎಳೆ ಆರಿಸಿ ನನ್ನ ಮುಂದಿಟ್ಟಳು.

"ಇದು ರಾಗಿ ಕಣವ್ವೋರೆ" ಎಂದಳು. "ಉಲ್ಲ ಬುಟ್ಬುಟ್ಟು ರಾಗಿ ಕಿತ್ತಿದ್ದೀರಿ."

ಡಬ್ಬಿಯ ಹಿಟ್ಟನ್ನು ನಾಲಗೆಯ ಮೇಲಿಟ್ಟು ತೀರ್ಪು ಹೇಳಿದ್ದವಳು ನಾನು. ಸಂಜೆ ಬೆನ್ನು ನೆಟ್ಟಗೆ ಮಾಡಲಾಗದೆ ಬದುವಿನ ಮೇಲೆ ಕೂತೆ. ಅವಳು ನನ್ನ ಸಾಲಿನ ಉದ್ದಕ್ಕೂ ನಡೆದು, ಅಲ್ಲಲ್ಲಿ ಬಗ್ಗಿ ನಾನು ಬಿಟ್ಟದ್ದನ್ನು ಕಿತ್ತು, ತುದಿ ಮುಟ್ಟಿ ವಾಪಸು ಬಂದಳು. ಅಷ್ಟು ನಿಧಾನವಾಗಿ ಯಾರೂ ನನ್ನ ಕೆಲಸವನ್ನು ನೋಡಿರಲಿಲ್ಲ.

"ಅರ್ದ ಆಳ್ ಕೆಲ್ಸ" ಎಂದಳು. "ನಾಳಕ್ಕೂ ಬನ್ನಿ."

ನಾಳೆಯೂ ಹೋದೆ, ನಾಡಿದ್ದೂ ಹೋದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕೆರೆಗೆ ಹೋಗುವ ನಮ್ಮ ಬೀದಿಯ ಹೆಂಗಸರು ದಾರಿಯಲ್ಲಿ ನಿಂತು ನೋಡಿದರು, ನಕ್ಕರೋ ಇಲ್ಲವೋ ತಿಳಿಯದು, ತಲೆಯೆತ್ತಿ ನೋಡಲಿಲ್ಲ. ನಾಲ್ಕನೆಯ ದಿನ ಬುತ್ತಿ ಬಿಚ್ಚುವಾಗ ತಡೆಯಲಾರದೆ ಕೇಳಿದೆ, "ಅಮ್ಮಿ, ನಾ ಇನ್ನೆಷ್ಟ್ ದಿನ ಬಂದ್ರ ಮುಯ್ಯಿ ತೀರ್ತದ?"

ಅವಳು ಮುದ್ದೆ ಮುರಿಯುತ್ತಿದ್ದಳು. ನನ್ನ ಮುಖವನ್ನೇ ನೋಡಿದಳು, ಕಾಗದ ಓದಿಸಲು ಬಂದವರು ನೋಡುತ್ತಿದ್ದರಲ್ಲ, ಹಾಗೆ.

"ನಂಗೇನ್ ಗೊತ್ತು" ಎಂದಳು. "ನೀವು ಓದ್ದೋರು, ಅವ್ವೋರೆ. ಎಷ್ಟ್ ವರ್ಸ ಅಂತ ನೀವೇ ಲೆಕ್ಕ ಆಕಿ."

ನಾನು ಬೇಗ ಉಂಡು ಮುಗಿಸಿ, ಕೈ ತೊಳೆದು, ಮುಂದಿನ ಸಾಲಿಗೆ ಹೋಗಿ ಕೂತೆ.